ಧೈರ್ಯ ಹೇಳಿದ್ದು ಸಾಕು, ಒಂದು ಕೆಲಸ ತಗೊಳ್ಳಿ

"ಇದು ಯಾರ ಕಡೆಯಿಂದ ಬಂದಿದ್ದು?"

ಅಪರೂಪದ ಆನುವಂಶಿಕ ಕಾಯಿಲೆ ಇರುವ ಮನೆಗೆ ಹೋದವರು ಎರಡು ಮಾತಾಡುವಷ್ಟರಲ್ಲಿ ಈ ಪ್ರಶ್ನೆಗೆ ಬಂದಿರುತ್ತಾರೆ. ನನ್ನ ಅಣ್ಣನಿಗೆ ಡುಶೇನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಸ್ನಾಯುಗಳು ಕ್ರಮೇಣ ಸೋಲುವ ಕಾಯಿಲೆ. ಸ್ನಾಯುಗಳನ್ನು ಕಾಪಾಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಅವನ ದೇಹದಲ್ಲಿ ತಯಾರಾಗುವುದಿಲ್ಲ. ಅದರ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಗಂಡುಮಕ್ಕಳಿಗೆ ಎಕ್ಸ್ ಬರುವುದು ತಾಯಿಯಿಂದ. ಇಷ್ಟು ಗೊತ್ತಾದರೆ ಸಾಕು, ಎಲ್ಲರ ಕಣ್ಣೂ ಅಮ್ಮನ ಮೇಲೆ.

ಅವರಿಗೆ ಗೊತ್ತಿಲ್ಲದ್ದು ಏನೆಂದರೆ, ಡುಶೇನ್ ಇರುವ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರ ತಾಯಿ ವಾಹಕಿಯೇ ಅಲ್ಲ, ಅಂದರೆ ಜೀನ್‌ನ ಆ ತಪ್ಪು ಅವಳಲ್ಲಿ ಇರುವುದೇ ಇಲ್ಲ. ಮನುಷ್ಯರ ಅತಿ ದೊಡ್ಡ ಜೀನ್‌ಗಳಲ್ಲಿ ಡಿಸ್ಟ್ರೋಫಿನ್ ಜೀನ್ ಒಂದು, ಅದರಲ್ಲಿ ಎಕ್ಸಾನ್ ಎಂಬ, ಪ್ರೋಟೀನಿನ ಸೂಚನೆ ಇರುವ ತುಂಡುಗಳೇ 79 ಇವೆ. ಅಷ್ಟು ಉದ್ದದ್ದರಲ್ಲಿ ಹೊಸದಾಗಿಯೂ ತಪ್ಪು ಹುಟ್ಟಿಕೊಳ್ಳುತ್ತದೆ. ನಮ್ಮಮ್ಮ ವಾಹಕಿ, ನಿಜ. ಆದರೆ ಅದು ಅಮ್ಮ ಮಾಡಿದ್ದಲ್ಲ, ಅಮ್ಮನಿಗೆ ಬಂದದ್ದು.

ಪ್ರತಿವರ್ಷ ಫೆಬ್ರುವರಿಯ ಕೊನೆಯ ದಿನ ಅಪರೂಪದ ಕಾಯಿಲೆಗಳ ದಿನ. 2008ರ ಫೆಬ್ರುವರಿ 29ರಂದು, ಅಂದರೆ ಕ್ಯಾಲೆಂಡರಿನಲ್ಲೇ ಅಪರೂಪವಾದ ದಿನದಂದು, ಶುರುವಾದದ್ದು. ಜಗತ್ತಿನಲ್ಲಿ ಸುಮಾರು 30 ಕೋಟಿ ಜನ ಇಂಥ ಕಾಯಿಲೆಗಳ ಜೊತೆ ಬದುಕುತ್ತಿದ್ದಾರೆ ಎಂಬ ಅಂದಾಜಿದೆ. ಆವತ್ತು ಪ್ರೊಫೈಲ್ ಫೋಟೋ ಬದಲಿಸುವವರ ಮೇಲೆ ನನಗೇನೂ ಸಿಟ್ಟಿಲ್ಲ. ಮಾರ್ಚ್ ಒಂದನೇ ತಾರೀಕಿಗೆ ಅವರು ಎಲ್ಲಿರುತ್ತಾರೆ ಅನ್ನೋದಷ್ಟೇ ನನ್ನ ತಕರಾರು.

ಏಕೆಂದರೆ ಈ ಕಾಯಿಲೆ ಮನೆಯವರಿಗೆ ಮುಖ್ಯವಾಗಿ ಕೆಲಸ. ದುಃಖ ಆಮೇಲೆ, ಪುರುಸೊತ್ತಾದಾಗ. ಸ್ನಾಯು ಸೋತವರಿಗೆ ನಿದ್ದೆಯಲ್ಲಿ ತಾವೇ ಮಗ್ಗುಲು ಬದಲಿಸಲು ಆಗುವುದಿಲ್ಲ. ಯಾರಾದರೂ ಎದ್ದು ಹೊರಳಿಸಬೇಕು, ಒಂದೇ ರಾತ್ರಿಯಲ್ಲಿ ಎಷ್ಟೋ ಸಲ. ಹಗಲು ಫಿಸಿಯೋಥೆರಪಿ, ಹೃದಯದ ಡಾಕ್ಟರು, ಉಸಿರಾಟದ ಪರೀಕ್ಷೆ, ಯಾವುದೋ ಕಚೇರಿಯ ಅರ್ಜಿ. ಪ್ರತಿ ಹೊಸ ಡಾಕ್ಟರ ಮುಂದೆ ಮೊದಲಿನಿಂದ ಕಥೆ. "ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಆಗ್ತಿರಲಿಲ್ಲಪ್ಪ" ಅಂತ ಹೊಗಳಿ ಹೋಗುವವರಿಗಿಂತ, "ಶನಿವಾರ ರಾತ್ರಿ ನಾನು ಇರ್ತೀನಿ, ನೀವು ಮಲಗಿ" ಅನ್ನುವ ಒಬ್ಬರು ನಮಗೆ ದೊಡ್ಡವರು. "ಏನಾದ್ರೂ ಬೇಕಿದ್ರೆ ಹೇಳಿ" ಕೂಡ ಬೇಡ. ಹೇಳುವುದೂ ಒಂದು ಕೆಲಸವೇ, ಅದೂ ಮತ್ತೆ ಅಮ್ಮನ ತಲೆಗೇ ಬರುತ್ತದೆ.

ಕಾಗದದ ಕೆಲಸ ಚೆನ್ನಾಗಿ ಬರುವವರು ಇನ್ನೊಂದು ಮಾಡಬಹುದು. ತುರ್ತಿನಲ್ಲಿ ತೋರಿಸಲು, ಚಿಕಿತ್ಸೆ ಕೊಡುವ ಡಾಕ್ಟರ ಸಹಿ ಇರುವ ಒಂದು ಪುಟ ಸಿದ್ಧ ಮಾಡಿಸಿಕೊಡಿ. ಡುಶೇನ್ ಇರುವವರಿಗೆ ಅರಿವಳಿಕೆ ಕೊಡುವಾಗ ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಬಳಸಬಾರದು. ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಏಕಾಏಕಿ ನಿಲ್ಲಿಸಬಾರದು. ಈ ಕಾಯಿಲೆಯ ರೋಗಿಯನ್ನೇ ನೋಡಿರದ ಡ್ಯೂಟಿ ಡಾಕ್ಟರಿಗೆ ನಡುರಾತ್ರಿ ಇದೆಲ್ಲ ಗಾಬರಿಯಲ್ಲಿರುವ ತಾಯಿಯೇ ಬಾಯಿಬಿಟ್ಟು ಹೇಳಬೇಕೆಂದರೆ ಹೇಗೆ?

ಅಣ್ಣನನ್ನು ಮಾತಾಡಿಸದೆ, ಅವನೆದುರಿಗೇ "ಹೇಗಿದ್ದಾನೆ ಈಗ?" ಅಂತ ನನ್ನನ್ನು ಕೇಳುವವರಿಗೆ: ಅವನಿಗೆ ಸೋತಿರುವುದು ಸ್ನಾಯು, ಕಿವಿಯಲ್ಲ. ಅವನನ್ನೇ ಕೇಳಿ. ಚೆಸ್ ಆಡೋಕೆ ಬಂದರೆ ಸೋಲಿಸಿಯೇ ಕಳಿಸುತ್ತಾನೆ.

ಒಡಹುಟ್ಟಿದವರ ಮಾತೂ ಇದೆ. ತಾಯಿ ವಾಹಕಿಯಾಗಿದ್ದರೆ ಪ್ರತಿ ಮಗಳೂ ವಾಹಕಿಯಾಗಿರುವ ಸಾಧ್ಯತೆ ಅರ್ಧಕ್ಕರ್ಧ. ಪರೀಕ್ಷೆ ಮಾಡಿಸಬೇಕೇ, ಯಾವಾಗ, ಯಾರಿಗೆ ಹೇಳಬೇಕು ಎಂಬುದನ್ನು ಆ ಹುಡುಗಿ ದೊಡ್ಡವಳಾದ ಮೇಲೆ ಜೆನೆಟಿಕ್ ಕೌನ್ಸೆಲರ್ ಜೊತೆ ಕೂತು ತಾನೇ ತೀರ್ಮಾನಿಸಬೇಕು. ನೆಂಟರ ಮದುವೆ ಮಾತುಕತೆಯಲ್ಲಿ ಅಲ್ಲ. ನನ್ನ ರಿಪೋರ್ಟಿನಲ್ಲಿ ಏನಿದೆ ಎಂದು ಇಲ್ಲಿ ಬರೆಯುವುದಿಲ್ಲ, ಕಾಮೆಂಟಿನಲ್ಲಿ ಕೇಳಬೇಡಿ.

ಎಲ್ಲರೂ ಮರೆಯುವ ವಿಷಯ ಮತ್ತೊಂದು. ವಾಹಕಿಯರಲ್ಲಿ ಕೆಲವರಿಗೆ ಹೃದಯದ ಸ್ನಾಯುವೂ ದುರ್ಬಲವಾಗುತ್ತದೆ. ಹಾಗಾಗಿ ಅವರೂ ಮೂರರಿಂದ ಐದು ವರ್ಷಕ್ಕೊಮ್ಮೆ ಹೃದಯ ತಪಾಸಣೆ ಮಾಡಿಸಿಕೊಳ್ಳಬೇಕು. ದಿನವೂ ಬೆಳೆದ ಮಗನನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸುವ ಹೆಂಗಸಿನ ಹೃದಯ ಅದು. ಅಮ್ಮನ ಎಕೋ, ಅಂದರೆ ಹೃದಯದ ಸ್ಕ್ಯಾನ್, ಪ್ರತಿಸಲ ಮುಂದೆ ಹೋಗುವುದು ಒಂದೇ ಕಾರಣಕ್ಕೆ, ಆ ಹೊತ್ತಿಗೆ ಅಣ್ಣನ ಹತ್ತಿರ ಇರಲು ಜನವಿಲ್ಲ. ನಿಮಗೆ ಪರಿಚಯವಿರುವ ಇಂಥ ಮನೆಯಲ್ಲೂ ಹೀಗೆ ಮುಂದಕ್ಕೆ ಹಾಕಿದ ಅಪಾಯಿಂಟ್‌ಮೆಂಟ್ ಒಂದಿರುತ್ತದೆ. ಅದು ಯಾವತ್ತು ಅಂತ ಕೇಳಿ, ಆ ಬೆಳಗ್ಗೆ ಹೋಗಿ. ಎತ್ತುವುದು, ಹೊರಳಿಸುವುದು ಹೇಗೆಂದು ಮನೆಯವರು ಹೇಳಿಕೊಡುತ್ತಾರೆ, ಕಷ್ಟವೇನಿಲ್ಲ.