ಅಧ್ಯಯನ ಹೇಳಿದೆ, ಬಾಯಿ ತೆರೆಯಿರಿ

ಮತ್ತೆ ಬಂತು. ಬ್ರಷ್ ಇನ್ನೂ ಬಾಯಲ್ಲೇ ಇತ್ತು, ಫೋನ್ ಗುಂಯ್ ಅಂದಿತು. ಭಾವ ಕಳಿಸಿದ್ದು. "ಹಲ್ಲು ಸರಿಯಾಗಿ ಉಜ್ಜಿದರೆ ಮರೆವಿನ ಕಾಯಿಲೆ ಬರುವುದಿಲ್ಲ: ಅಧ್ಯಯನದಿಂದ ಸಾಬೀತು." ಕೆಳಗೆ ಕೈ ಮುಗಿದ ಮೂರು ಚಿತ್ರ. ನಿಮಗೂ ಬಂದಿರುತ್ತದೆ, ಬಿಡಿ. ಇದೇ ಸುದ್ದಿಯನ್ನು ಭಾವ ಹೋದ ವರ್ಷವೂ ಕಳಿಸಿದ್ದರು. ಕಳಿಸಿದ್ದು ಅವರಿಗೆ ನೆನಪಿಲ್ಲ. ಹಲ್ಲು ಮಾತ್ರ ದಿನಕ್ಕೆ ಎರಡು ಸಲ ಉಜ್ಜುತ್ತಾರೆ.

ಯಾರು ಈ 'ಅಧ್ಯಯನ' ಅನ್ನುವ ಮಹಾಶಯರು? ಹೆಸರಿಲ್ಲ, ಊರಿಲ್ಲ, ಎಷ್ಟು ಜನರನ್ನು ನೋಡಿ ಹೇಳಿದ್ದು ಅನ್ನುವ ಲೆಕ್ಕವಿಲ್ಲ. ಆದರೂ ದಿನಾ ಏನಾದರೊಂದು ಹೇಳುತ್ತಲೇ ಇರುತ್ತಾರೆ. ಪುರಾಣದಲ್ಲಿ ಅಶರೀರವಾಣಿ ಇತ್ತು ನಿಜ. ಆದರೆ ಅದು ಕೂಡ ಕಂಸನಿಗೆ "ಎಂಟನೇ ಮಗು" ಅಂತ ಸಂಖ್ಯೆ ಕೊಟ್ಟು ಹೇಳಿತ್ತು. ನಮ್ಮ ಅಧ್ಯಯನವಾಣಿಗೆ ಅಷ್ಟೂ ತೊಂದರೆ ತೆಗೆದುಕೊಳ್ಳುವ ಅಭ್ಯಾಸವಿಲ್ಲ.

ಮರೆವಿನ ಸುದ್ದಿಯ ಅಸಲಿ ಕತೆ ಇಷ್ಟು. 2019ರಲ್ಲಿ ಒಂದು ಸಂಶೋಧನಾ ಪ್ರಬಂಧ ಬಂತು. ಒಸಡಿನ ರೋಗ ತರುವ ಒಂದು ಬ್ಯಾಕ್ಟೀರಿಯಾದ ಕುರುಹು, ಆಲ್ಝೈಮರ್ ಇದ್ದು ತೀರಿಕೊಂಡವರ ಮಿದುಳಿನಲ್ಲಿ ಸಿಕ್ಕಿದೆ ಅಂದಿತು. ಜೊತೆಗೆ ಇಲಿಗಳ ಮೇಲೆ ಒಂದಷ್ಟು ಪ್ರಯೋಗ. ಕುತೂಹಲದ ವಿಷಯವೇ. ಆಮೇಲೆ ಆ ಬ್ಯಾಕ್ಟೀರಿಯಾದ ವಿಷವನ್ನು ತಡೆಯುವ ಔಷಧಿಯನ್ನು 643 ರೋಗಿಗಳಲ್ಲಿ ಪರೀಕ್ಷಿಸಿದರು. 2021ರಲ್ಲಿ ಫಲಿತಾಂಶ ಬಂತು. ಮರೆವು ತನ್ನ ಪಾಡಿಗೆ ತಾನು ಮುಂದುವರಿದಿತ್ತು. ಇಲಿಯ ಸುದ್ದಿ ಭಾವನವರೆಗೆ ಬಂದು ತಲುಪಿತು. 643 ಮನುಷ್ಯರ ಸುದ್ದಿ ದಾರಿಯಲ್ಲಿ ಎಲ್ಲೋ ತಪ್ಪಿಸಿಕೊಂಡಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ನಾವು. ಎತ್ತು ಈದಿಲ್ಲವಂತೆ ಅಂತ ಹೇಳಲು ಯಾರಾದರೂ ಬಂದರೆ, ಅವರಿಗೆ ಕೊಟ್ಟಿಗೆ ಬಾಗಿಲನ್ನೇ ತೆಗೆಯುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಮರೆವು ಶುರುವಾದವರು ಹಲ್ಲುಜ್ಜುವುದನ್ನೂ ಮರೆಯುತ್ತಾರೆ. ಹಾಗಾದರೆ ಯಾವುದರಿಂದ ಯಾವುದು ಬಂತು?

ಕೋಳಿ ಅಜ್ಜಿಯ ಕತೆ ಗೊತ್ತಲ್ಲ? ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿ, ಸಿಟ್ಟು ಬಂದಾಗ ಕೋಳಿಯನ್ನು ಬಗಲಲ್ಲಿಟ್ಟುಕೊಂಡು ಊರು ಬಿಟ್ಟರಲ್ಲ, ಅವರು. ಅಜ್ಜಿ ಈಗ ಇದ್ದಿದ್ದರೆ ಖಂಡಿತ ಒಂದು ಪ್ರಬಂಧ ಬರೆಯುತ್ತಿದ್ದರು. ದತ್ತಾಂಶ ಪಕ್ಕಾ ಇತ್ತು: 365 ದಿನ, 365 ಕೂಗು, 365 ಬೆಳಗು. ಒಂದೇ ಕೊರತೆ. ಕೋಳಿ ಕೂಗದ ದಿನ ಒಂದೂ ಇಲ್ಲ, ಹಾಗಾಗಿ ಹೋಲಿಸಿ ನೋಡಲು ಕಂಟ್ರೋಲ್ ಗುಂಪೇ ಇಲ್ಲ. ಪಾಪ, ಊರು ಬಿಟ್ಟು ಹೋದದ್ದೇ ಅವರು ಮಾಡಿದ ಮೊದಲ ಸರಿಯಾದ ಪ್ರಯೋಗ. ಫಲಿತಾಂಶ ನೋಡಲು ಮಾತ್ರ ಅವರು ಊರಲ್ಲಿರಲಿಲ್ಲ.

ಹೃದಯದ ವಿಷಯದಲ್ಲೂ ಇದೇ ಕೋಳಿ. ಒಸಡಿನ ರೋಗ ಇರುವವರಿಗೆ ಹೃದ್ರೋಗ ಜಾಸ್ತಿ, ಇದು ನಿಜ. 2012ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದ್ದಬದ್ದ ಪ್ರಬಂಧಗಳನ್ನೆಲ್ಲ ಗುಡ್ಡೆ ಹಾಕಿ ನೋಡಿತು. ಎರಡಕ್ಕೂ ನಂಟಿದೆ, ಆದರೆ ಒಂದು ಇನ್ನೊಂದನ್ನು ತರುತ್ತದೆ ಅನ್ನಲು ಆಧಾರ ಸಾಲದು ಅಂದಿತು. ಸಿಗರೇಟು ಎರಡನ್ನೂ ಕೆಡಿಸುತ್ತದೆ. ಸಕ್ಕರೆ ಕಾಯಿಲೆಯೂ ಅಷ್ಟೇ. ನಂಟರು ಒಂದೇ ಸಾಲಿನಲ್ಲಿ ಕೂತಿದ್ದಾರೆ ಅಂದಮಾತ್ರಕ್ಕೆ ಒಬ್ಬರು ಇನ್ನೊಬ್ಬರನ್ನು ಹೆತ್ತಿರಬೇಕು ಅಂತೇನೂ ಇಲ್ಲ, ಅಲ್ವಾ?

ಇದಕ್ಕಿಂತ ಮಜಾ ಫ್ಲಾಸ್‌ನದು, ಅಂದರೆ ಹಲ್ಲಿನ ಸಂದಿ ಶುಚಿ ಮಾಡುವ ದಾರದ್ದು. 2016ರ ಆಗಸ್ಟ್ ನೆನಪಿದೆಯಾ? ಅಮೆರಿಕ ಸರ್ಕಾರ ತನ್ನ ಮಾರ್ಗಸೂಚಿಯಿಂದ ಫ್ಲಾಸ್‌ನ ಸಲಹೆಯನ್ನು ಸದ್ದಿಲ್ಲದೆ ಕೈಬಿಟ್ಟಿದೆ, ಅದರ ಪ್ರಯೋಜನಕ್ಕೆ ಇರುವ ಪುರಾವೆ ತೀರಾ ದುರ್ಬಲ ಎಂದು ಅಸೋಸಿಯೇಟೆಡ್ ಪ್ರೆಸ್ ವರದಿ ಮಾಡಿತು. ಜಗತ್ತಿಗೆ ಜಗತ್ತೇ ನಿಟ್ಟುಸಿರು ಬಿಟ್ಟಿತು. ಜೀವಮಾನದಲ್ಲಿ ಆ ದಾರವನ್ನು ಮುಟ್ಟಿ ನೋಡದವರೂ "ನಾನು ಇವತ್ತಿಂದ ನಿಲ್ಲಿಸಿದೆ" ಅಂದರು. ನಮ್ಮ ಭಾವ ಅವರಲ್ಲಿ ಮೊದಲಿಗರು. ಶುರುವೇ ಮಾಡದ್ದನ್ನು ವಿಜ್ಞಾನದ ಬೆಂಬಲದೊಂದಿಗೆ ನಿಲ್ಲಿಸುವ ಸುಖವೇ ಬೇರೆ.

ದುರ್ಬಲ ಅಂದರೆ ಏನು ಅಂತ ಯಾರೂ ಕೇಳಲಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು 2011ರಲ್ಲೇ ಫ್ಲಾಸ್ ಬಗ್ಗೆ ನಡೆದ 12 ಪ್ರಯೋಗಗಳನ್ನು ಜರಡಿ ಹಿಡಿದಿದ್ದರು. ಅವುಗಳಲ್ಲಿ ಒಂದಾದರೂ ಹುಳುಕು ಕಡಿಮೆಯಾಯಿತಾ ಅಂತ ವರದಿ ಮಾಡಿರಲಿಲ್ಲ. ನೋಡಿದ್ದು ಪ್ಲಾಕ್ (ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಾದ ಪದರ) ಮತ್ತು ಒಸಡನ್ನು. ಅದೂ ಒಂದು ತಿಂಗಳು, ಮೂರು ತಿಂಗಳು, ಹೆಚ್ಚೆಂದರೆ ಆರು ತಿಂಗಳ ಲೆಕ್ಕ. ಹಲ್ಲಿನ ಸಂದಿಯ ಹುಳುಕು ಬೆಳೆಯಲು ವರ್ಷಗಳೇ ಬೇಕು. ಸಸಿ ನೆಟ್ಟು ಮೂರನೇ ತಿಂಗಳಿಗೆ ಹಣ್ಣು ಎಣಿಸಲು ಬುಟ್ಟಿ ಹಿಡಿದು ನಿಂತ ಹಾಗೆ ಇದು. ಸಾಕ್ಷಿ ಇಲ್ಲ ಅಂದರೆ ಕಳ್ಳತನವೇ ಆಗಿಲ್ಲ ಅಂತ ಅಲ್ಲ. ಪೊಲೀಸರು ಆ ಕಡೆ ಹೋಗೇ ಇಲ್ಲ ಅಂತಲೂ ಇರಬಹುದು.

ಹುಳುಕಿನ ಬಗ್ಗೆ ನೋಡಿದ ವಿಮರ್ಶೆಯೂ ಒಂದಿದೆ, 2006ರದು. ಅದರಲ್ಲಿ ಫ್ಲಾಸ್ ಚೆನ್ನಾಗಿ ಕೆಲಸ ಮಾಡಿದ್ದು ಎಲ್ಲಿ ಗೊತ್ತಾ? ಶಾಲೆ ಇರುವ ದಿನವೆಲ್ಲ ತರಬೇತಿ ಇದ್ದವರೇ ಬಂದು ಚಿಕ್ಕ ಮಕ್ಕಳ ಹಲ್ಲಿಗೆ ಫ್ಲಾಸ್ ಮಾಡಿದಾಗ. ಒಂದು ವರ್ಷ ಎಂಟು ತಿಂಗಳು ಹೀಗೆ ಮಾಡಿದ ಮೇಲೆ ಹುಳುಕಿನ ಅಪಾಯ 40% ಇಳಿದಿತ್ತು. ಹದಿಹರೆಯದವರ ಕೈಗೆ ದಾರ ಕೊಟ್ಟು "ನೀವೇ ಮಾಡಿಕೊಳ್ಳಿ" ಅಂದಾಗ ಏನೂ ಇಳಿಯಲಿಲ್ಲ. ಹಾಗಾಗಿ ವಿಜ್ಞಾನವನ್ನು ಚಾಚೂ ತಪ್ಪದೆ ಪಾಲಿಸುವವರು ಹಲ್ಲು ಶುಚಿ ಮಾಡುವ ಕೆಲಸ ಕಲಿತ ಹೈಜೀನಿಸ್ಟರನ್ನು ಮನೆಗೊಬ್ಬರಂತೆ ಇಟ್ಟುಕೊಳ್ಳತಕ್ಕದ್ದು.

2019ರಲ್ಲಿ ಕಾಕ್ರೇನ್‌ನವರು ಮತ್ತೆ ಕೂತರು. ಈ ಸಲ 35 ಪ್ರಯೋಗ, 3,929 ಜನ. ಬ್ರಷ್ ಜೊತೆ ಫ್ಲಾಸ್ ಮಾಡಿದರೆ ಒಸಡಿನ ಉರಿಯೂತ ಸ್ವಲ್ಪ ಇಳಿಯ'ಬಹುದು', ಖಚಿತತೆ ಕಡಿಮೆ ಅಂದರು. ಅಡ್ಡಗೋಡೆ ಮೇಲೆ ದೀಪ ಇಟ್ಟರು ಅಂತ ಭಾವ ರೇಗಿದರು. ಆದರೆ ಗೋಡೆ ಇರುವುದೇ ಅಡ್ಡವಾಗಿ, ಅವರೇನು ಮಾಡಬೇಕು? ಇದ್ದಷ್ಟನ್ನೇ ಹೇಳುವವರಿಗೆ ನಮ್ಮಲ್ಲಿ ಬೆಲೆಯಿಲ್ಲ. ಎದೆ ತಟ್ಟಿ ಹೇಳಬೇಕು, ತಪ್ಪಾದರೂ ಪರವಾಗಿಲ್ಲ.

ಎದೆ ತಟ್ಟಿದ್ದು ಮೌತ್‌ವಾಶ್‌ನವರು. ಲಿಸ್ಟರಿನ್ ಫ್ಲಾಸ್‌ನಷ್ಟೇ ಪರಿಣಾಮಕಾರಿ, ಪ್ರಯೋಗದಿಂದ ಸಾಬೀತು ಅಂತ ಅದರ ಒಡೆಯರಾಗಿದ್ದ ಫೈಝರ್ ಕಂಪನಿ ಜಾಹೀರಾತು ಕೊಟ್ಟಿತು. ಬಾಯಿ ಮುಕ್ಕಳಿಸಿ ಉಗಿದರೆ ಮುಗಿಯಿತು, ದಾರದ ಗೋಜಿಲ್ಲ. ಇದರ ವಿರುದ್ಧ ಕೋರ್ಟಿಗೆ ಹೋದವರು ಯಾರು? ರೋಗಿಗಳಲ್ಲ, ದಂತವೈದ್ಯರಲ್ಲ. ಫ್ಲಾಸ್ ಮಾರುವ ಜಾನ್ಸನ್ ಆಂಡ್ ಜಾನ್ಸನ್‌ನ ಅಂಗಸಂಸ್ಥೆ. ಸತ್ಯಕ್ಕೂ ಒಬ್ಬ ಪ್ರತಿಸ್ಪರ್ಧಿ ವ್ಯಾಪಾರಿ ಬೇಕು ನೋಡಿ. ನ್ಯೂಯಾರ್ಕಿನ ನ್ಯಾಯಾಧೀಶರು 2005ರಲ್ಲಿ ಆ ಜಾಹೀರಾತು ಸುಳ್ಳು, ದಾರಿ ತಪ್ಪಿಸುವಂಥದ್ದು ಅಂದರು. ಪ್ರಯೋಗದಲ್ಲಿ ಇದ್ದವರಿಗೆ ಒಸಡಿನ ತೊಂದರೆ ಹೆಚ್ಚೇನೂ ಇರಲಿಲ್ಲ. ಫ್ಲಾಸ್ ಗುಂಪಿನವರಿಗೆ ಶುರುವಿನಲ್ಲಿ ಒಮ್ಮೆ ಹೇಳಿಕೊಟ್ಟು ಮನೆಗೆ ಕಳಿಸಿದ್ದರು. ಅವರು ಮನೆಯಲ್ಲಿ ಎಷ್ಟು ಶ್ರದ್ಧೆಯಿಂದ ಮಾಡಿರುತ್ತಾರೆ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. ಅಂದರೆ ಮೌತ್‌ವಾಶ್ ಗೆದ್ದದ್ದು ಫ್ಲಾಸ್ ವಿರುದ್ಧ ಅಲ್ಲ, ಸೋಮಾರಿತನದ ವಿರುದ್ಧ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಮರುವರ್ಷ, 2006ರಲ್ಲಿ, ಅದೇ ಜಾನ್ಸನ್ ಆಂಡ್ ಜಾನ್ಸನ್ 1,660 ಕೋಟಿ ಡಾಲರ್ ಕೊಟ್ಟು ಫೈಝರ್‌ನ ಆ ವಿಭಾಗವನ್ನೇ ಕೊಂಡುಕೊಂಡಿತು, ಲಿಸ್ಟರಿನ್ ಸಮೇತ. ದಾರವೂ ಅವರದೇ, ಬಾಟಲಿಯೂ ಅವರದೇ ಆಯಿತು. ಇನ್ನು ಯಾರ ಮೇಲೆ ಯಾರು ಕೇಸು ಹಾಕಬೇಕಿತ್ತು?

ಟೂತ್‌ಪೇಸ್ಟ್ ಜಾಹೀರಾತಿನ 'ಹತ್ತರಲ್ಲಿ ಒಂಬತ್ತು ದಂತವೈದ್ಯರ' ಬಗ್ಗೆ ನಾನು ಏನೂ ಹೇಳುವುದಿಲ್ಲ. ಆ ಹತ್ತನೆಯವರ ಜೋಕನ್ನು ಎಲ್ಲರೂ ಮಾಡಿ ಸವೆಸಿದ್ದಾರೆ. ನನಗೆ ಅನುಮಾನ ಉಳಿದ ಒಂಬತ್ತು ಮಂದಿಯ ಮೇಲೆ. ಬ್ರಿಟನ್ನಿನಲ್ಲಿ 80%ಕ್ಕಿಂತ ಹೆಚ್ಚು ದಂತವೈದ್ಯರು ಕೋಲ್ಗೇಟ್ ಶಿಫಾರಸು ಮಾಡುತ್ತಾರೆ ಎಂಬ ಜಾಹೀರಾತಿಗೆ 2007ರಲ್ಲಿ ಅಲ್ಲಿನ ಜಾಹೀರಾತು ನಿಯಂತ್ರಕರು ತಡೆ ಹಾಕಿದರು. ಸಮೀಕ್ಷೆಯಲ್ಲಿ ದಂತವೈದ್ಯರು ಒಂದಲ್ಲ, ಎಷ್ಟು ಪೇಸ್ಟಿನ ಹೆಸರು ಬೇಕಾದರೂ ಹೇಳಬಹುದಿತ್ತು. ಇನ್ನೊಂದು ಪೇಸ್ಟಿಗೂ ಹೆಚ್ಚುಕಡಿಮೆ ಅಷ್ಟೇ ಶಿಫಾರಸು ಬಿದ್ದಿತ್ತು. ಎಲ್ಲ ಪಕ್ಷಕ್ಕೂ ಓಟು ಹಾಕಬಹುದು ಅಂದರೆ ಎಲ್ಲರೂ ಬಹುಮತದಿಂದ ಗೆಲ್ಲುತ್ತಾರೆ.

ಹೇಳಿದ್ದನ್ನು ಮಾಡುವ ಜನ ಎಲ್ಲೂ ಸಿಗುವುದಿಲ್ಲವಾ? ಸಿಕ್ಕಿದ್ದರು. 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು 12 ಮಂದಿಗೆ "ಹಲ್ಲುಜ್ಜಬೇಡಿ" ಅಂದರು. ಒಂಬತ್ತು ಜನ ದಂತವೈದ್ಯಕೀಯ ವಿದ್ಯಾರ್ಥಿಗಳು, ಒಬ್ಬ ಮೇಷ್ಟ್ರು, ಇಬ್ಬರು ಲ್ಯಾಬಿನವರು. ನಿಷ್ಠೆಯಿಂದ ಉಜ್ಜದೆ ಇದ್ದರು. 10ರಿಂದ 21 ದಿನಗಳಲ್ಲಿ ಎಲ್ಲರ ಒಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದರು, ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಪ್ಲಾಕ್‌ನಿಂದಲೇ ಒಸಡಿಗೆ ತೊಂದರೆ ಅನ್ನುವುದಕ್ಕೆ ಇವತ್ತಿಗೂ ಮೊದಲು ತೋರಿಸುವುದು ಈ ಹನ್ನೆರಡು ಬಾಯಿಗಳನ್ನೇ. ಪ್ರಶ್ನೆ ನೇರವಾಗಿದ್ದರೆ ಹನ್ನೆರಡು ಜನವೂ ಸಾಕು. ಅವರ ಅಕ್ಕಪಕ್ಕ ಕೂತು ಪಾಠ ಕೇಳಿದವರ ಮೇಲೆ ಮಾತ್ರ ಯಾರೂ ಅಧ್ಯಯನ ಮಾಡಲಿಲ್ಲ.

ಅವರು ಒಪ್ಪಿ ಬಂದವರು. ನಗಬಹುದು. ವಿಪೆಹೋಮ್‌ನಲ್ಲಿ ಇದ್ದವರನ್ನು ಯಾರೂ ಕೇಳಲಿಲ್ಲ. ಸ್ವೀಡನ್ನಿನ ಲುಂಡ್ ಪಟ್ಟಣದ ಆಸ್ಪತ್ರೆ, ಬುದ್ಧಿಮಾಂದ್ಯರೆಂದು ಕೂಡಿಹಾಕಿದ ರೋಗಿಗಳು. 1945ರಿಂದ ಸುಮಾರು ಹತ್ತು ವರ್ಷ ಅವರ ಬಾಯಿಗಳಲ್ಲಿ ಪ್ರಯೋಗ ನಡೆಯಿತು. ಹಲ್ಲಿಗೆ ಅಂಟಿಕೊಳ್ಳಲಿ ಅಂತಲೇ ತಯಾರಿಸಿದ ಟಾಫಿಗಳನ್ನು ತಿನ್ನಿಸಿದರು, ಒಂದು ಗುಂಪಿಗೆ ದಿನಕ್ಕೆ 24. ಹಲ್ಲು ಕೊಳೆಯುವುದನ್ನು ಕೂತು ಎಣಿಸಿದರು. ಖರ್ಚಿನಲ್ಲಿ ಸಿಹಿ ಉದ್ಯಮದ ಪಾಲೂ ಇತ್ತು. ಊಟದ ಮಧ್ಯೆ ಅಂಟು ಸಿಹಿ ತಿಂದರೆ ಹುಳುಕು ಅನ್ನುವ ಮಾತು ನಮಗೆ ಗಟ್ಟಿಯಾಗಿ ಸಿಕ್ಕಿದ್ದು ಅಲ್ಲಿಂದ. ಸ್ವೀಡನ್ನಿನ ಮಕ್ಕಳಿಗೆ ಶನಿವಾರ ಮಾತ್ರ ಸಿಹಿ ಕೊಡುವ ರೂಢಿ ಹುಟ್ಟಿದ್ದೂ ಅಲ್ಲಿಂದ. ಇದರ ಬಗ್ಗೆ ತಮಾಷೆ ಮಾಡಲು ನನಗೆ ಬರುವುದಿಲ್ಲ.

ಸರಿ, ಇಷ್ಟು ಬೆಲೆ ಕೊಟ್ಟು ತಿಳಿದುಕೊಂಡದ್ದನ್ನು ಬಳಸಿಕೊಂಡೆವಾ? ಸಕ್ಕರೆಯಿಂದ ಹುಳುಕು ಬರುತ್ತದೆ ಅಂತ ಅಮೆರಿಕದ ಸಕ್ಕರೆ ಉದ್ಯಮಕ್ಕೆ 1950ರಲ್ಲೇ ಗೊತ್ತಿತ್ತು. ಅಲ್ಲಿನ ಸರ್ಕಾರ 1971ರಲ್ಲಿ ಹುಳುಕಿನ ವಿರುದ್ಧ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಯಾವ ಸಂಶೋಧನೆ ಬೇಕು ಎಂದು ಉದ್ಯಮದವರು ಬರೆದುಕೊಟ್ಟಿದ್ದರಲ್ಲಿ 78% ಭಾಗ, ಸಂಶೋಧನೆಗೆ ಕರೆ ಕೊಟ್ಟ ಸರ್ಕಾರಿ ಕಾಗದಕ್ಕೆ ಸೇರಿಕೊಂಡಿತು. ಪ್ಲಾಕ್ ಕರಗಿಸುವ ಕಿಣ್ವ ಹುಡುಕೋಣ, ಹುಳುಕಿಗೆ ಲಸಿಕೆ ಹುಡುಕೋಣ, ಸಕ್ಕರೆಯ ಮಾತು ಮಾತ್ರ ಬೇಡ. ಇದು ಹೊರಬಿದ್ದದ್ದು 2015ರಲ್ಲಿ. ಕ್ರಿಸ್ಟಿನ್ ಕರ್ನ್ಸ್ ಎಂಬ ದಂತವೈದ್ಯೆ ಹಳೆಯ ಕಾಗದಗಳ ಪೆಟ್ಟಿಗೆ ತೆಗೆದು, ಸಂಗಡಿಗರ ಜೊತೆ 319 ದಾಖಲೆ ಓದಿದ್ದರಿಂದ. ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರೆ. ಇಲ್ಲಿ ಕಡಲೆ ಇದ್ದವರೇ ಹಲ್ಲಿನ ಬಗ್ಗೆ ಏನು ಕೇಳಬೇಕು, ಏನು ಕೇಳಬಾರದು ಅಂತ ಬರೆದುಕೊಟ್ಟರು. ನಲವತ್ತು ವರ್ಷ ಕಳೆದುಹೋಯಿತು. ಅಷ್ಟೂ ಕಾಲ ತಪ್ಪು ಯಾರದಾಗಿತ್ತು? ಮಕ್ಕಳದು. ಸರಿಯಾಗಿ ಉಜ್ಜಲಿಲ್ಲವಂತೆ.

ಭಾವನ ಮಗಳು ಡೆಂಟಲ್ ಹೈಜೀನ್ ಓದುತ್ತಿದ್ದಾಳೆ. ಅವಳಿಗೆ 'ಸಂಶೋಧನಾ ವಿಧಾನ' ಅಂತ ಒಂದು ಪೇಪರ್ ಇದೆ. ತರಗತಿಯಲ್ಲಿ ಎಲ್ಲರೂ ನಿದ್ದೆ ಮಾಡುವ ವಿಷಯವಂತೆ. ಫಲಿತಾಂಶ ಬರೀ ಆಕಸ್ಮಿಕವಾ ಅಂತ ತೂಗಲು ಪ್ರಬಂಧಗಳಲ್ಲಿ ಕೊಡುವ ಸಂಖ್ಯೆ ಇದೆಯಲ್ಲ, ಪಿ ವ್ಯಾಲ್ಯೂ, ಹಾಗಂದರೆ ಏನಮ್ಮಾ ಅಂತ ಕೇಳಿದೆ. "0.05ಕ್ಕಿಂತ ಕಮ್ಮಿ ಇದ್ರೆ ಪ್ರಬಂಧ ಪಾಸು ಮಾಮ, ಅಷ್ಟೇ ಎಲ್ಲರೂ ಬರೆಯೋದು" ಅಂದಳು. ಆಮೇಲೆ ಅವಳೇ ತಿದ್ದಿದಳು. ಪ್ಲಾಕ್ ಅಳೆಯಲು ಸೊನ್ನೆಯಿಂದ ಮೂರರವರೆಗಿನ ಒಂದು ಅಳತೆ ಇದೆಯಂತೆ. ಅದರಲ್ಲಿ ಒಂದು ಚೂರು ಇಳಿದರೂ, ಸಾವಿರಾರು ಜನರನ್ನು ಸೇರಿಸಿದ್ದರೆ ಪಿ ವ್ಯಾಲ್ಯೂ 0.05ರ ಕೆಳಗಿಳಿದು ಕುಣಿದಾಡುತ್ತದಂತೆ. ಲೆಕ್ಕದ ಪ್ರಕಾರ ಗಣನೀಯ. ಬಾಯಿಗೆ ಮಾತ್ರ ಏನಾಯಿತು ಅಂತಲೇ ಗೊತ್ತಾಗಿರುವುದಿಲ್ಲ.

"ನೀನಾದ್ರೂ ಪ್ರಬಂಧ ಪೂರ್ತಿ ಓದ್ತೀಯಾ?"

"ಎಲ್ಲಿಂದ ಓದೋದು ಮಾಮ? ಸಾರಾಂಶ ಮಾತ್ರ ಬಿಟ್ಟಿ. ಒಳಗೆ ಹೋಗ್ಬೇಕು ಅಂದ್ರೆ ದುಡ್ಡು ಕೇಳುತ್ತೆ."

ಜನರ ತೆರಿಗೆಯಲ್ಲಿ ನಡೆದ ಎಷ್ಟೋ ಸಂಶೋಧನೆಗಳಿಗೂ ಹೀಗೇ ಬೀಗ ಹಾಕಿರುತ್ತಾರೆ. ಜಾಹೀರಾತು ಮಾತ್ರ ಎಲ್ಲರಿಗೂ ಪುಕ್ಕಟೆ. ಸಿಕ್ಕಿದ ಪ್ರಬಂಧವನ್ನು ಕೊನೆಯಿಂದ ಓದು ಅಂತ ಅವಳ ಮೇಡಂ ಹೇಳಿಕೊಟ್ಟಿದ್ದಾರಂತೆ. ಮೊದಲು ದುಡ್ಡು ಕೊಟ್ಟವರು ಯಾರು ನೋಡು. ಆಮೇಲೆ ಯಾರ ಮೇಲೆ, ಎಷ್ಟು ದಿನ, ಯಾವುದಕ್ಕೆ ಹೋಲಿಸಿ ಮಾಡಿದರು ನೋಡು. ತೀರ್ಮಾನವನ್ನು ಕಡೆಗೆ ಓದಿದರಾಯಿತು. ಪುಣ್ಯಾತ್ಗಿತ್ತಿ, ಎಲ್ಲಿದ್ದರೂ ಚೆನ್ನಾಗಿರಲಿ.

"ಇದನ್ನೆಲ್ಲ ನಿಮ್ಮಪ್ಪನಿಗೆ ಹೇಳೋದಲ್ವಾ?" ಅಂದೆ.

"ಹೇಳಿ ಹೇಳಿ ಸಾಕಾಯ್ತು. ನೀವೇ ಕೇಳಿ ನೋಡಿ" ಅಂದಳು.

ಕೇಳಿದೆ. "ಭಾವ, ಯಾವ ಅಧ್ಯಯನ ಇದು? ಎಷ್ಟು ಜನರ ಮೇಲೆ ಮಾಡಿದ್ದು?" ಅಂತ ಬರೆದು ಕಳಿಸಿದೆ.

ತಕ್ಷಣ ಉತ್ತರ ಬಂತು. "ತುಂಬಾ ಜನ. ಮೇಲೆ ನೋಡಿ, 'ಫಾರ್ವರ್ಡೆಡ್ ಮೆನಿ ಟೈಮ್ಸ್' ಅಂತ ಬರೆದೇ ಇದೆಯಲ್ಲ."