ತತ್ತಿ ಸುಲಿಗೆಯ ಲೆಕ್ಕ

2025ರ ನವೆಂಬರ್ ತಿಂಗಳ ಒಂದು ರವಿವಾರ. ವಿಜಯಪುರದ ನಮ್ಮ ಓಣಿಯ ಕುರಿ ಖಂಡದ ಅಂಗಡಿ ಮುಂದೆ ಚೀಲ ಹಿಡಿದು ನಿಂತಿದ್ದೆ. ಅಂಗಡಿಯ ಚಾಚಾ ಅರ್ಧ ಕಿಲೋ ತೂಗಿ, ಮೂರು ದಿನ ಹಿಂದಿನ ಪೇಪರಿನಲ್ಲಿ ಸುತ್ತಿ ಕೈಗಿಟ್ಟು, "ನಾಲ್ಕನೂರು" ಅಂದರು. ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ಸುದ್ದಿ ಇತ್ತು. ಚಿಲ್ಲರೆ ಹಣದುಬ್ಬರ ಶೇ 25. ಸರಿಯಾಗೇ ಬರೆದಿದ್ದಾರಲ್ಲ ಅನಿಸಿತು. ಹೆಬ್ಬೆರಳಿನಿಂದ ರಕ್ತ ಒರೆಸಿ ನೋಡಿದರೆ ಅದರ ಹಿಂದೆ ಒಂದು ಸೊನ್ನೆ, ಒಂದು ಚುಕ್ಕೆ ಅಡಗಿ ಕೂತಿದ್ದವು. ಶೇ 0.25. ಈ ಲೆಕ್ಕ ಶುರುವಾದಾಗಿನಿಂದ ಇಷ್ಟು ಕಡಿಮೆ ಯಾವಾಗಲೂ ಆಗಿಲ್ಲವಂತೆ.

ಚಾಚಾನಿಗೆ ಓದಿ ಹೇಳಿದೆ. ಅವರು ಕತ್ತಿ ಒರೆಸುತ್ತಲೇ, "ಪೇಪರಿನ್ಯಾಗ ಸೋವಿ ಆಗೇತಿ ಅಂದ್ರ ಪೇಪರೇ ಕುದಿಸ್ಕೊಂಡ ಉಣ್ರೀ ಸಾಹೇಬ್ರ" ಅಂದರು.

ಮನೆಗೆ ಬಂದೆ. ನನ್ನ ಹೆಂಡತಿಗೆ ಪೊಟ್ಟಣ ಬಿಚ್ಚಿದ ಹಾಳೆ ಓದುವ ಚಟ. ಓದಿದಳು. "ಏನ್ರೀ, ಇದು ಯಾರ ಮನೀ ಲೆಕ್ಕ?" ಅಂದಳು. ನಾನು ಗತ್ತಿನಿಂದ ವಿವರಿಸಿದೆ. ನೋಡು, ಹೋದ ವರ್ಷ ಅಕ್ಟೋಬರಿನಲ್ಲಿ ಆಹಾರದ ಬೆಲೆ ಶೇ 10.87 ಏರಿತ್ತು. ಈ ವರ್ಷ ಅಕ್ಟೋಬರಿನಲ್ಲಿ ಅದಕ್ಕಿಂತ ಶೇ 5.02 ಇಳಿದಿದೆ. ಕಾಯಿಪಲ್ಲೆ, ಬೇಳೆ ಇಳಿದಿವೆ. ಹಾಗಾಗಿ ಒಟ್ಟು ಲೆಕ್ಕವೂ ಇಳಿದಿದೆ. ಅವಳು ಒಲೆ ಹಚ್ಚುತ್ತಾ ಹೇಳಿದಳು, "ಹೋದ ವರ್ಷ ಮಾಳಗಿ ಮ್ಯಾಲ ಹತ್ತಿಸ್ಯಾರ. ಈ ವರ್ಷ ನಿಚ್ಚಣಕಿ ತಗದ, ನೋಡ್ರಿ ಇವರು ಮ್ಯಾಲ ಹತ್ತವಲ್ಲರು ಅನ್ನಾಕತ್ತಾರ."

ಹತ್ತು ಸಾಲಿನ ನನ್ನ ವಿವರಣೆ ಅಲ್ಲಿಗೆ ಸತ್ತಿತು.

ಆಗ ಈ ಲೆಕ್ಕಕ್ಕೆ ಒಂದು ಬುಟ್ಟಿ ಇತ್ತು. 2011-12ರಲ್ಲಿ ಜನ ಏನೇನು ಕೊಂಡರು ಅಂತ ಕೇಳಿ ತುಂಬಿಟ್ಟ ಬುಟ್ಟಿ. ಬುಟ್ಟಿಯ ಒಟ್ಟು ತೂಕ 100 ಅಂದರೆ ಅದರಲ್ಲಿ ಖಂಡ ಮತ್ತು ಮೀನಿನ ಪಾಲು 3.61. ತತ್ತಿಯ ಪಾಲು 0.43. ಟೇಪ್ ರೆಕಾರ್ಡರು, ಕ್ಯಾಸೆಟ್ಟು ಕೂಡ ಆ ಬುಟ್ಟಿಯ ತಳದಲ್ಲಿ ಬೆಚ್ಚಗೆ ಕೂತಿದ್ದವು. ಆ ಬುಟ್ಟಿ ತುಂಬಿದಾಗ ನನ್ನ ಮಗ ಇನ್ನೂ ಹುಟ್ಟಿರಲಿಲ್ಲ. ಈಗ ಅವನೊಬ್ಬನೇ ಹೊತ್ತಿಗೆ ನಾಲ್ಕು ರೊಟ್ಟಿ ಮುರಿಯುತ್ತಾನೆ. ಅವನಿಗೆ ಇಲ್ಲಿಯವರೆಗೆ ಒಂದು ಸಲವೂ ಕ್ಯಾಸೆಟ್ ಕೊಡಿಸಿಲ್ಲ. ಕೊಡಿಸಿದ್ದರೆ ನಮ್ಮ ಮನೆಯ ಸರಾಸರಿಯೂ ಇಳಿಯುತ್ತಿತ್ತೋ ಏನೋ.

ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬೇರೆ ಇಳಿಸಿದ್ದರು. ದೊಡ್ಡ ಟಿವಿಯ ಮೇಲೆ ಶೇ 28 ಇದ್ದದ್ದು 18 ಆಯಿತು. ಹಸಿ ಖಂಡಕ್ಕೆ ಮೊದಲಿಂದಲೂ ಜಿಎಸ್‌ಟಿ ಇಲ್ಲ. ಇಲ್ಲದ್ದನ್ನು ಇಳಿಸಲಿಕ್ಕೆ ಯಾರಿಂದಲೂ ಆಗುವುದಿಲ್ಲ. ಸೋವಿ ಆದ ಟಿವಿಯಲ್ಲಿ ಅಡುಗೆ ಕಾರ್ಯಕ್ರಮ ನೋಡುತ್ತಾ ಬರೀ ರೊಟ್ಟಿ ತಿನ್ನಬಹುದು, ಅಷ್ಟು ಅನುಕೂಲ ಆಗಿದೆ.

ಚಾಚಾ ಮೋಸಗಾರ ಅಂತ ನಾನು ಹೇಳಲಾರೆ. ಅವರ ಲೆಕ್ಕ ಸರ್ಕಾರದ್ದಕ್ಕಿಂತ ನೇರ. ಪಕ್ಕದ ಬಾಗಲಕೋಟೆ ಜಿಲ್ಲೆಯ ಅಮೀನಗಡದಲ್ಲಿ ಶನಿವಾರ ಕುರಿ ಸಂತೆ. ದೂರದ ಊರುಗಳಿಂದ ಲಾರಿ ಬರುತ್ತವೆ. ಅಲ್ಲಿ ಕುರಿಯನ್ನು ಯಾರೂ ತೂಗುವುದಿಲ್ಲ. ಬೆನ್ನು ಒತ್ತಿ, ಹಲ್ಲು ನೋಡಿ, ಕಣ್ಣಂದಾಜಿನಲ್ಲಿ ದರ ಕಟ್ಟುತ್ತಾರೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಸುವುದು ನಮ್ಮ ಕಡೆಯ ಜಾನುವಾರು ಸಂತೆಗಳ ಹಳೇ ರೂಢಿ. ನಿಂತ ಕುರಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಖಂಡ. ಉಳಿದದ್ದು ಚರ್ಮ, ತಲೆ, ಕಾಲು, ಹೊಟ್ಟೆ. ಲಾರಿಯವನು ಒಂದು ಬೆರಳು ಜಾಸ್ತಿ ಒತ್ತಿದರೆ ನಮ್ಮ ಓಣಿಯಲ್ಲಿ ಕಿಲೋಗೆ ಐವತ್ತು ಏರುತ್ತದೆ. ಕುರಿ ನಮ್ಮದು, ಹೊಲ ನಮ್ಮದು, ಬೆರಳು ಮಾತ್ರ ಬೇರೆ ಊರಿನದು.

ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಮಾತು ಏಳು ಸಲ ಮರಳುತ್ತದೆ ಅಂತ ಗೈಡುಗಳು ಹೇಳುತ್ತಾರೆ. ಅಲ್ಲಿ ನಿಂತು "ಖಂಡ ಎಷ್ಟು?" ಅಂತ ಕೇಳಬಾರದು. ಏಳನೆಯ ಸಲ ಮರಳುವಷ್ಟರಲ್ಲಿ ದರ ಬದಲಾಗಿರುತ್ತದೆ.

ನಮ್ಮ ಮನೆ ಈಗ ಒಂದೊಂದೇ ಮೆಟ್ಟಿಲು ಕೆಳಗೆ ಇಳಿಯುತ್ತಿದೆ. ಮೊದಲು ಒಂದು ಕಿಲೋ ಇತ್ತು, ಅರ್ಧ ಆಯಿತು. ಆಮೇಲೆ ತಲೆ-ಕಾಲು. ಆಮೇಲೆ ಬೋಟಿ. ಬೋಟಿಯಾದರೂ ನಮ್ಮಂಥವರಿಗೆ ಬಿಟ್ಟಿದ್ದಾರೆ ಅಂತ ನಂಬಿದ್ದೆ. ಒಂದು ಕಾಲಕ್ಕೆ ಬೋಟಿ ಅಂದರೆ ಮೂಗು ಮುಚ್ಚುತ್ತಿದ್ದ ದೊಡ್ಡ ಮನೆಯವರು ಈಗ ನನಗಿಂತ ಮೊದಲೇ ಡಬ್ಬಿ ಹಿಡಿದು ನಿಂತಿರುತ್ತಾರೆ. ಕೇಳಿದರೆ "ಡಾಕ್ಟರು ಹೇಳ್ಯಾರ" ಅನ್ನುತ್ತಾರೆ. ಜವಾರಿ ಕೋಳಿ ಖಂಡದ ಪಕ್ಕವೇ ಕೂತು ಮಾತಾಡುತ್ತಿದೆ. ಫಾರಂ ಕೋಳಿ ಒಂದು ವಾರ ನಮ್ಮದು, ಒಂದು ವಾರ ಹೋಟೆಲಿನವರದ್ದು.

ಹೆಂಡತಿ ಇದಕ್ಕೆಲ್ಲ ಒಂದು ದಾರಿ ಕಂಡುಕೊಂಡಿದ್ದಾಳೆ. ಸೋಮವಾರ ಈಶ್ವರ, ಶನಿವಾರ ಹನುಮಪ್ಪ ಮೊದಲಿಂದಲೂ ಇದ್ದರು. ಈಗ ಮಂಗಳವಾರಕ್ಕೆ ಎಲ್ಲವ್ವ, ಗುರುವಾರಕ್ಕೆ ರಾಯರು, ಶುಕ್ರವಾರಕ್ಕೆ ಲಕ್ಷ್ಮಿ ಸೇರಿದ್ದಾರೆ. ಬುಧವಾರ ಖಾಲಿ ಇತ್ತು. "ಬುಧವಾರ ಯಾರು?" ಅಂದೆ. "ಪಗಾರ ಆಗುವ ತನಕ ಯಾರಾದರೂ ಒಬ್ಬರು" ಅಂದಳು. ನಮ್ಮ ಮನೆಯ ಉಳಿತಾಯ ಖಾತೆ ಪೂರ್ತಿ ದೇವರ ಹೆಸರಿನಲ್ಲಿದೆ. ಉಳಿದ ದಿನ ಬದನೆಕಾಯಿಗೆ ಖಂಡದ ಮಸಾಲಿ ಖಾರ ಹಾಕಿ ಕುದಿಸುತ್ತಾಳೆ. ವಾಸನೆ ಓಣಿಗೆ ಹೋಗುತ್ತದೆ. ಮರ್ಯಾದೆ ಮನೆಯಲ್ಲಿ ಉಳಿಯುತ್ತದೆ.

ಇಷ್ಟಾದ ಮೇಲೆ ಸಿಗುವ ಕೊನೆಯ ಮೆಟ್ಟಿಲು ತತ್ತಿ. ಡಿಸೆಂಬರಿನಲ್ಲಿ ಅದೂ ಅಂಗಡಿಯಲ್ಲಿ ಏಳು ರೂಪಾಯಿ ದಾಟಿತು. ತಮಾಷೆ ನೋಡಿ. ಕೋಳಿಯ ಮುಖ್ಯ ಮೇವು ಗೋವಿನಜೋಳ. ಕ್ವಿಂಟಲ್ಲಿಗೆ 2400 ರೂಪಾಯಿ ಬೆಂಬಲ ಬೆಲೆ ಅಂತ ಸಾರಿದ್ದರು. ಮಾರುಕಟ್ಟೆಯಲ್ಲಿ ಅಷ್ಟು ಸಿಗಲಿಲ್ಲ, ಬೆಳೆದವರು ರಸ್ತೆಯಲ್ಲಿ ಕೂತರು. ಅದೇ ಚಳಿಗಾಲಕ್ಕೆ ತತ್ತಿ ಏರಿತು. ಸೋವಿ ತಿಂದು ತುಟ್ಟಿ ಇಡುವ ಕಲೆಯನ್ನು ಕೋಳಿ ಎಲ್ಲಿ ಕಲಿಯಿತು ಅಂತ ನನಗೆ ಅನುಮಾನ ಇದೆ.

ತತ್ತಿಯ ನಿಜವಾದ ಲೆಕ್ಕ ಕಲಿಸಿದವಳು ನನ್ನ ನಾದಿನಿ. ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಹೆಡ್ ಮೇಡಂ. ಶಾಲೆಯ ಮಕ್ಕಳಿಗೆ ತತ್ತಿ ಕೊಡುವುದು 2021ರ ಡಿಸೆಂಬರಿನಲ್ಲಿ ಏಳು ಜಿಲ್ಲೆಗಳಲ್ಲಿ ಶುರುವಾಯಿತು. ನಮ್ಮ ವಿಜಯಪುರ ಅದರಲ್ಲಿ ಒಂದು. ಆಗ ತತ್ತಿ ಬೇಕೋ ಬೇಡವೋ ಅಂತ ರಾಜ್ಯದ ತುಂಬ ಚರ್ಚೆ. ಚರ್ಚೆ ಮುಗಿಯುವ ಹೊತ್ತಿಗೆ ಮಕ್ಕಳು ತಿಂದು ಕೈ ತೊಳೆದಿದ್ದರು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವು ಸೇರಿ ವಾರಕ್ಕೆ ಆರು ದಿನ ಆಯಿತು. ಒಳ್ಳೆಯ ಕೆಲಸ, ಅದರ ಬಗ್ಗೆ ನಗಲಾರೆ. ನಗು ಬರುವುದು ನಾದಿನಿ ಹಿಡಿದುಕೊಂಡು ಬಂದ ಖರ್ಚಿನ ವಹಿ ನೋಡಿದಾಗ.

ಒಂದು ತತ್ತಿಗೆ ಗೊತ್ತು ಮಾಡಿದ್ದು 6 ರೂಪಾಯಿ. ಅದರಲ್ಲಿ ಕುದಿಸುವ ಗ್ಯಾಸಿಗೆ 50 ಪೈಸೆ. ಸಿಪ್ಪೆ ಸುಲಿಯಲು 30 ಪೈಸೆ. ಉಳಿದ 5 ರೂಪಾಯಿ 20 ಪೈಸೆಯಲ್ಲಿ ತತ್ತಿ ಕೊಂಡು ಶಾಲೆಗೆ ತರಬೇಕು.

ಸುಲಿಯಲು 30 ಪೈಸೆ! ನಾನು ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತೆ. ಇದನ್ನು ಲೆಕ್ಕ ಹಾಕಿದ ಕೋಣೆ ಕಣ್ಣ ಮುಂದೆ ಬಂತು. ದುಂಡು ಮೇಜು. ನಡುವೆ ಕುದಿಸಿದ ತತ್ತಿ. ಒಬ್ಬರು ಸುಲಿಯುತ್ತಾರೆ, ಒಬ್ಬರು ಗಡಿಯಾರ ಹಿಡಿದಿದ್ದಾರೆ, ಒಬ್ಬರು ಟಿಪ್ಪಣಿ ಬರೆಯುತ್ತಾರೆ. 35 ಪೈಸೆ ಜಾಸ್ತಿ ಆಯಿತು ಅಂತ ಹಣಕಾಸಿನವರು ಫೈಲು ವಾಪಸ್ ಕಳಿಸಿರಬೇಕು. ಸುಲಿದ ಮೇಲೆ ತತ್ತಿ ಯಾರು ತಿಂದರು ಅನ್ನುವುದು ಮಾತ್ರ ನನ್ನ ಕಲ್ಪನೆಗೂ ಸಿಗಲಿಲ್ಲ.

ನನಗೆ ಸಂಶಯಗಳಿವೆ. ಹೊಸ ತತ್ತಿಯ ಸಿಪ್ಪೆ ಬಿಳಿಗೆ ಅಂಟಿಕೊಂಡು ಸತಾಯಿಸುತ್ತದೆ, ನಾಲ್ಕು ದಿನ ಹಳೆಯದಾದರೆ ಸಲೀಸಾಗಿ ಬಿಡುತ್ತದೆ. ಹಾಗಿದ್ದರೆ ತಾಜಾ ತತ್ತಿಗೆ ಕಷ್ಟಭತ್ಯೆ ಬೇಡವೇ? ಕುದಿಯುವಾಗಲೇ ಒಡೆದದ್ದರ ಸಿಪ್ಪೆ ಅರ್ಧ ತಾನೇ ಉದುರಿರುತ್ತದೆ. ಅದಕ್ಕೆ 15 ಪೈಸೆ ಕಡಿತವೇ? ಇನ್ನು 30 ಪೈಸೆ ಕೈಗೆ ಕೊಡುವುದು ಹೇಗೆ? 25 ಪೈಸೆ ಮತ್ತು ಅದರ ಕೆಳಗಿನ ನಾಣ್ಯಗಳು 2011ರ ಜೂನ್ 30ಕ್ಕೇ ಸತ್ತವು. ಇಲ್ಲದ ನಾಣ್ಯದಲ್ಲಿ ಕೂಲಿ ಕಟ್ಟಿದ್ದಾರೆ. ಒಂದೊಂದೇ ತತ್ತಿ ಸುಲಿದರೆ ಕೂಲಿ ಇಲ್ಲ, ಐದೈದು ಸುಲಿದರೆ ಮಾತ್ರ ಒಂದೂವರೆ ರೂಪಾಯಿ ಅಂತ ಕೊಡಬಹುದು.

ನಾದಿನಿಗೆ ನನ್ನ ಸಂಶಯ ಬೇಕಿರಲಿಲ್ಲ. ಆಕೆಯ ಲೆಕ್ಕ ಬೇರೆ. ಮೂವತ್ತು ತತ್ತಿಯ ಟ್ರೇ 195 ರೂಪಾಯಿಗೆ ತರುತ್ತಾಳೆ. ಒಂದಕ್ಕೆ ಆರೂವರೆ. ಸಿಗುವುದು 5.20. ಒಂದು ತತ್ತಿಗೆ 1.30 ಕೈಯಿಂದ. ಶಾಲೆಗೆ ದಿನಕ್ಕೆ 120 ತತ್ತಿ ಬೇಕು. ದಿನಕ್ಕೆ 156. ವಾರಕ್ಕೆ ಆರು ದಿನ, 936. "ಮಾಮಾ, ಒಂದ ಕಿಲೋ ಖಂಡ ತಗೊಂಡ ಮ್ಯಾಲೂ ರೊಕ್ಕ ಉಳೀತಿತ್ತು" ಅಂದಳು. ಆಕೆಯ ಮನೆಯಲ್ಲಿ ಮೂರು ತಿಂಗಳಿಂದ ಖಂಡ ಬೆಂದಿಲ್ಲ. ಮಕ್ಕಳ ಎದುರು ಖಾಲಿ ತಟ್ಟೆ ಇಡಲಾಗದೆ ಆಕೆ ಕೊಡುತ್ತಿದ್ದಾಳೆ. ಅದು ಯಾವ ಕಾಲಮ್ಮಿನಲ್ಲಿ ಬರೆಯಬೇಕು ಅಂತ ವಹಿಯಲ್ಲಿ ಜಾಗವೇ ಇಲ್ಲ.

ಪೈಸೆ ಎಣಿಸದ ಲೆಕ್ಕವೂ ಒಂದು ಇತ್ತು. 2025ರ ಮಾರ್ಚಿನಲ್ಲಿ ಮುಖ್ಯಮಂತ್ರಿಯ ಸಂಬಳ 75,000ದಿಂದ ಒಂದೂವರೆ ಲಕ್ಷಕ್ಕೆ, ಶಾಸಕರದ್ದು 40,000ದಿಂದ 80,000ಕ್ಕೆ ಏರುವ ಮಸೂದೆ ಪಾಸಾಯಿತು. ಸದನದಲ್ಲಿ ಗದ್ದಲ, ಚರ್ಚೆ ಇಲ್ಲ. ಜೀವನದ ಖರ್ಚು ಏರಿದೆ ಅಂತ ಕಾರಣ. ಅಂದರೆ ಏರಿದೆ! ಶೇ 0.25 ನಂಬದವರು ನಾವು ಮಾತ್ರ ಅಲ್ಲ ಅಂತ ಸಮಾಧಾನ ಆಯಿತು. ಶಾಸಕರ ಸಂಬಳದಲ್ಲಿ ಸುಲಿಯುವುದಕ್ಕೆ ಎಷ್ಟು ಪೈಸೆ ಅಂತ ಬಿಡಿಸಿ ಬರೆದಿರಲಿಲ್ಲ. ಬಹುಶಃ ಅದು ಸಂಬಳದಲ್ಲೇ ಸೇರಿದೆ.

ಆ ಪದ್ಧತಿ ನನಗೆ ಹಿಡಿಸಿತು. ಒಂದು ಸಂಜೆ ಮಗ, ಮಗಳು ಟಿವಿ ರಿಮೋಟಿಗೆ ಜಗಳ ಹಚ್ಚಿದ್ದರು. ಮನೆಯಲ್ಲಿ ಪೂರ್ತಿ ಗದ್ದಲ. ಇದೇ ಸಮಯ ಅಂತ ನಾನು ಎದ್ದು ನಿಂತು, ವಾರದ ಖಂಡವನ್ನು ಅರ್ಧ ಕಿಲೋದಿಂದ ಒಂದು ಕಿಲೋಗೆ ಏರಿಸುವ ಮಸೂದೆ ಮಂಡಿಸಿದೆ. ಹೆಂಡತಿ ಲಟ್ಟಣಿಗೆ ಮೇಜಿಗೆ ಬಡಿದು ಸದನ ಮುಂದೂಡಿದಳು. ಬೆಳಗಾವಿಯಲ್ಲಾದರೆ ಪಾಸಾಗುತ್ತಿತ್ತು. ಅಲ್ಲಿ ಚಳಿಗಾಲಕ್ಕೆ ಮಾತ್ರ ಬಾಗಿಲು ಪೂರ್ತಿ ತೆರೆಯುವ ಸುವರ್ಣ ವಿಧಾನಸೌಧ ಇದೆ. 2022ರಲ್ಲಿ ಅದರ ಮುಂದೆ ಕೆಲಸದ ಹೆಣ್ಣುಮಗಳೊಬ್ಬಳು ಶಾವಿಗೆ ಒಣಹಾಕಿದಳು ಅಂತ ಎಷ್ಟು ಕೂಗಾಟ ಆಯಿತು, ನೆನಪಿದೆಯಲ್ವಾ? ಆ ಅಂಗಳದಿಂದ ಬಡವರ ಅಡುಗೆಮನೆಗೆ ನೇರವಾಗಿ ತಲುಪಿದ ಸೌಲಭ್ಯ ನನಗೆ ಗೊತ್ತಿರುವಂತೆ ಆ ಬಿಸಿಲೊಂದೇ. ಅದನ್ನೂ ತಡೆದರು.

ಮುಂದಿನ ರವಿವಾರ ತತ್ತಿ ಸಾರು. ಮನೆಯಲ್ಲಿ ನಾಲ್ಕು ಜನ, ನಾಲ್ಕು ತತ್ತಿ. ಹೆಂಡತಿ ತಂಗಿಯ ವಹಿ ನೋಡಿದಾಗಿನಿಂದ ತಾನೂ ಒಂದು ಇಟ್ಟಿದ್ದಾಳೆ. ಕುದಿಸಿದ ತತ್ತಿಗಳನ್ನು ನನ್ನ ಮುಂದೆ ಇಟ್ಟು, "ಸುಲೀರಿ" ಅಂದಳು. ಸುಲಿದೆ. ಒಂದು ಸ್ವಲ್ಪ ಕಿತ್ತು ಬಂತು, ಅದನ್ನು ನನ್ನ ಪಾಲಿಗೆ ಬರೆದುಕೊಂಡಳು. ಕೂಲಿ ಒಂದು ರೂಪಾಯಿ ಇಪ್ಪತ್ತು ಪೈಸೆ. ಒಂದು ರೂಪಾಯಿ ನಾಣ್ಯ ಕೈಗಿಟ್ಟಳು. ಇಪ್ಪತ್ತು ಪೈಸೆ ಬಾಕಿ, ಅನುದಾನ ಬಂದ ಮೇಲೆ.

ಮಗ ವಹಿಯಲ್ಲಿ ಇಣುಕಿದ. ಅವ್ವನ ದುಂಡು ಅಕ್ಷರ ಓದಿದ. ತತ್ತಿ, 28 ರೂಪಾಯಿ. ಗ್ಯಾಸ್, 2 ರೂಪಾಯಿ. ಸುಲಿಗೆ, 1 ರೂಪಾಯಿ 20 ಪೈಸೆ.

"ಅವ್ವಾ, ಸುಲಿಗಿ ಮಾಡಿದ್ರ ಪೊಲೀಸರು ಹಿಡೀತಾರಲ್ಲ?"

"ಅದು ಬ್ಯಾರೆ. ಇದು ಮಂಜೂರಾಗಿದ್ದು, ಉಣ್ಣು."