ಫ್ಲೋಟಿನೊಳಗಿನ ಪೆಟ್ರೋಲು

ಹಳೆಯ ಕಾರು ಕೆಮ್ಮಿದರೂ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನದೇ ತಪ್ಪು, ಏರು ಹತ್ತದಿದ್ದರೂ ಕಾರ್ಬುರೇಟರಿನದೇ ತಪ್ಪು, ಪೆಟ್ರೋಲು ಹೆಚ್ಚು ಕುಡಿದರಂತೂ ಕೇಳುವುದೇ ಬೇಡ. ನನ್ನ ಕಾರು ಐಡ್ಲಿಂಗಿನಲ್ಲಿ ಒಮ್ಮೆ ಏರಿ ಒಮ್ಮೆ ಇಳಿದು, ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಆಫ್ ಆಗತೊಡಗಿದಾಗ, ಬಾನೆಟ್ಟಿನ ಸುತ್ತ ನೆರೆದವರೆಲ್ಲರೂ ಎಂಜಿನ್ನಿನೊಳಗೆ ಇಣುಕುವ ಮೊದಲೇ ಅದನ್ನು ಅಪರಾಧಿಯೆಂದು ಘೋಷಿಸಿಬಿಟ್ಟರು.

ವಿಚಾರಣೆಯಿಲ್ಲದೆ ಶಿಕ್ಷೆ ವಿಧಿಸುವುದು ಸರಿಯಲ್ಲವೆಂದು ನಾನು ಮೊದಲು ಕಿಡಿ ಹೊತ್ತಿಸುವ ಇಗ್ನಿಷನ್ನಿನ ಪಾಯಿಂಟುಗಳನ್ನೂ ಟೈಮಿಂಗನ್ನೂ ನೋಡಿದೆ; ಕಾರ್ಬುರೇಟರಿನ ತಲೆಗೆ ಕಟ್ಟುವ ದೂರುಗಳಲ್ಲಿ ಎಷ್ಟೋ ಇಗ್ನಿಷನ್ನಿಗೆ ಸಲ್ಲಬೇಕಾದವು. ಅವೆರಡೂ ನೆಟ್ಟಗಿದ್ದವು. ಆದರೆ ಬಿಚ್ಚಿದ ಪ್ಲಗ್ಗುಗಳೆಲ್ಲ ಒಣ ಮಸಿಯಿಂದ ಕಪ್ಪಾಗಿದ್ದವು. ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಇಲ್ಲಿ ಗಾಳಿಯ ಪಾಲಿಗೆ ಪೆಟ್ರೋಲು ಕೈಹಾಕಿದ್ದು ಸ್ಪಷ್ಟವಾಗಿತ್ತು. ಅಂದರೆ ನೆರೆದವರ ತೀರ್ಪೇ ಸರಿಯಾಗಿತ್ತು, ಅದೂ ಯಾವ ಸಾಕ್ಷ್ಯವೂ ಇಲ್ಲದೆ. ಇದು ನನಗೆ ಇಂದಿಗೂ ಸ್ವಲ್ಪ ಬೇಸರದ ಸಂಗತಿ.

ಬ್ಯಾಟರಿಯ ತಂತಿ ಕಳಚಿ ಕಾರ್ಬುರೇಟರನ್ನು ಮೇಜಿನ ಮೇಲೆ ಇಳಿಸಿದ್ದಾಯಿತು. ಅದರ ತತ್ತ್ವ ಬಹಳ ಸರಳ: ವೆಂಚುರಿ ಎಂಬ ಇಕ್ಕಟ್ಟಾದ ಕೊರಳಿನಲ್ಲಿ ಗಾಳಿ ರಭಸದಿಂದ ನುಗ್ಗುವಾಗ ಅಲ್ಲಿನ ಒತ್ತಡ ಕುಸಿಯುತ್ತದೆ, ಪೆಟ್ರೋಲು ಜೆಟ್ಟು ಎಂಬ ಸಣ್ಣ ಹಿತ್ತಾಳೆ ರಂಧ್ರದ ಮೂಲಕ ಮೇಲೇರಿ ಗಾಳಿಯೊಡನೆ ಬೆರೆಯುತ್ತದೆ. ತತ್ತ್ವ ಇಷ್ಟು ಸರಳವಾಗಿರುವಾಗ ತಿರುಪು, ಸ್ಪ್ರಿಂಗು, ವಾಷರುಗಳು ಅಷ್ಟೊಂದು ಏಕಿವೆ ಎಂಬ ಪ್ರಶ್ನೆಯನ್ನು ಬಿಚ್ಚುತ್ತಿರುವಾಗ ಕೇಳಿಕೊಳ್ಳಬಾರದು.

ಟಾರ್ಚು ಹಿಡಿಯಲು ಬಾಮೈದನನ್ನು ಕೂರಿಸಿಕೊಂಡಿದ್ದೆ. ಮೈನ್ ಜೆಟ್ಟು ಕಟ್ಟಿರಬಹುದೆಂದು ಅವನು ಉತ್ಸಾಹದಿಂದ ಒಂದು ತಂತಿಯನ್ನು ತಂದ. ಹಿತ್ತಾಳೆ ಮೆತ್ತಗಿನ ಲೋಹ, 1.20 ಮಿಲಿಮೀಟರಿನ ರಂಧ್ರ ತಂತಿಯ ಉಜ್ಜಿಗೆ 1.25ಕ್ಕೆ ಹಿಗ್ಗಿದರೂ ಅದರ ವಿಸ್ತೀರ್ಣ ಶೇಕಡಾ 8ಕ್ಕಿಂತ ಹೆಚ್ಚು ಬೆಳೆಯುತ್ತದೆ. ಇದನ್ನೆಲ್ಲ ವಿವರಿಸಿ, ಕ್ಲೀನರ್ ಸಿಂಪಡಿಸಿ ಗಾಳಿ ಊದಿದರೆ ಸಾಕೆಂದು ಹೇಳಿದೆ. ಅವನಿಗೆ ನಿರಾಸೆಯಾಯಿತು. ಜೆಟ್ಟು ನಿಷ್ಕಳಂಕವಾಗಿತ್ತೆಂಬುದು ಆಮೇಲೆ ತಿಳಿಯಿತು.

ನಿಜವಾದ ಕಳ್ಳ ಸಿಕ್ಕಿದ್ದು ಫ್ಲೋಟಿನಲ್ಲಿ. ಟೊಳ್ಳಾದ ಹಿತ್ತಾಳೆಯ ಆ ತೇಲುಬುರುಡೆಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ಏನೋ ಕುಲುಕುತ್ತಿತ್ತು. ಬಿಸಿನೀರಿನಲ್ಲಿ ಮುಳುಗಿಸಿದಾಗ ಬೆಸುಗೆಯ ಅಂಚಿನಿಂದ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೊಂದು ಮೇಲೆದ್ದವು. ತೇಲಬೇಕಾದದ್ದು ಪೆಟ್ರೋಲು ಕುಡಿದು ಭಾರವಾಗಿ ಮುಳುಗಿದ್ದರಿಂದ ಪೆಟ್ರೋಲು ಒಳಬರುವ ದಾರಿಯ ನೀಡಲ್ ವಾಲ್ವ್ ಮುಚ್ಚಿಕೊಳ್ಳದೆ, ಕಾರ್ಬುರೇಟರಿನ ಬಟ್ಟಲು ತುಂಬಿ ಹರಿದು, ಎಂಜಿನ್ನಿಗೆ ಬೇಡವೆಂದರೂ ಪೆಟ್ರೋಲು ಬಡಿಸುತ್ತಲೇ ಇತ್ತು. ಬೆಸುಗೆ ಹಾಕಿದರೆ ತೂಕ ಹೆಚ್ಚಿ ಮಟ್ಟವೇ ತಪ್ಪುವುದೆಂದು ಹೊಸ ಫ್ಲೋಟನ್ನೂ, ತುದಿಯಲ್ಲಿ ಉಂಗುರದಂತೆ ಸವೆದಿದ್ದ ವಾಲ್ವಿಗೆ ಬದಲಿಯನ್ನೂ ತರಿಸಿದೆ.

ಇಷ್ಟರಲ್ಲಿ ಕಾರ್ಬುರೇಟರಿನ ಬಾಡಿಯನ್ನು ತೊಳೆಯಲು ತಲೆಕೆಳಗು ಮಾಡಿದೆವು. "ಭಾವ, ಏನೋ ಉರುಳಿತು" ಎಂದ ಬಾಮೈದ. ಪೆಡಲ್ ಒತ್ತಿದಾಗ ಹೆಚ್ಚುವರಿ ಪೆಟ್ರೋಲು ಚಿಮ್ಮಿಸುವ ಆಕ್ಸಿಲರೇಟರ್ ಪಂಪಿನ ದಾರಿಯಲ್ಲಿ ಕೂರುವ ಪುಟ್ಟ ಉಕ್ಕಿನ ಗುಂಡು ಅದು. ಅದಿಲ್ಲದಿದ್ದರೆ ಪೆಡಲ್ ಒತ್ತಿದೊಡನೆ ಕಾರು ಮುಂದೆ ನೆಗೆಯುವ ಬದಲು ಮುಗ್ಗರಿಸುತ್ತದೆ. ಇಬ್ಬರು ವಯಸ್ಕರು ನೆಲದ ಮೇಲೆ ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ ಟಾರ್ಚಿನ ಬೆಳಕು ಹಾಯಿಸುತ್ತಿದ್ದ ದೃಶ್ಯವನ್ನು ಮನೆಯವರು ಬಾಗಿಲಲ್ಲಿ ನಿಂತು ಮೌನವಾಗಿ ವೀಕ್ಷಿಸಿದರು. ಗುಂಡು ಬಾಮೈದನ ಪ್ಯಾಂಟಿನ ಮಡಿಕೆಯಲ್ಲಿ ಸಿಕ್ಕಿತು.

ಮರುಜೋಡಣೆಯ ನಂತರ ಮೇಜಿನ ಮೇಲೆ ಭಾಗಗಳ ಸಂದಿಗೆ ಕೂರಿಸುವ ಗ್ಯಾಸ್ಕೆಟ್ಟುಗಳು ಉಳಿದಿದ್ದವು. ಗಾಬರಿಗೆ ಕಾರಣವಿರಲಿಲ್ಲ, ರಿಪೇರಿ ಕಿಟ್ಟುಗಳಲ್ಲಿ ಹಲವು ಮಾದರಿಗಳಿಗಾಗುವಷ್ಟು ಗ್ಯಾಸ್ಕೆಟ್ಟು ತುಂಬಿರುವುದು ವಾಡಿಕೆ. ಆದರೂ ಅದನ್ನು ಬಾಮೈದನಿಗೆ ನಂಬಿಸಲು ಜೋಡಿಸಿದ್ದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು.

ಮಿಕ್ಸ್‌ಚರ್ ಸ್ಕ್ರೂವನ್ನು, ಅಂದರೆ ಐಡ್ಲಿಂಗಿನ ಗಾಳಿ-ಪೆಟ್ರೋಲು ಬೆರಕೆಯ ತಿರುಪನ್ನು, ಮೃದುವಾಗಿ ತಳ ಮುಟ್ಟಿಸಿ, ಒಂದೂವರೆ ಸುತ್ತು ಹಿಂದಕ್ಕೆ ತಿರುಗಿಸಿ, ಎಂಜಿನ್ ಬಿಸಿಯಾದ ಮೇಲೆ ಕಿವಿಯ ಅಳತೆಯಲ್ಲಿ ಹೊಂದಿಸಿದೆ. ಐಡ್ಲಿಂಗ್ ಏರಿಳಿತವಿಲ್ಲದೆ ನಿಂತಿತು. ಹಾಗೆ ನಿಂತ ಮೇಲೆಯೇ ನಮಗೆ ಟ್ಯಾಪೆಟ್ಟಿನ ಟಕಟಕ, ಫ್ಯಾನ್ ಬೆಲ್ಟಿನ ಕೀರಲು, ಸೈಲೆನ್ಸರಿನಿಂದ ಒಂದು ಸಣ್ಣ ಗೊಣಗಾಟ ಬೇರೆಬೇರೆಯಾಗಿ ಕೇಳಿಸಿದ್ದು. ಬಾನೆಟ್ಟಿನ ಸುತ್ತ ಮತ್ತೆ ಸೇರಿದ್ದವರು ಇವುಗಳಿಗೂ ಕಾರ್ಬುರೇಟರೇ ಕಾರಣವೆಂದರು.